ಸೊನ್ನೆಯಿಂದ ಹತ್ತರವರೆಗೆ

ಹನ್ನೆರಡು ಗಂಟೆಗೆ ಆ ಡ್ರೈವರ್‌ನ ಹೆಂಡತಿ ಬರುತ್ತಾರೆ, ಗಂಡನ ದಾಖಲೆಯ ಪ್ರತಿ ಬೇಕೆಂದು ಅರ್ಜಿ ಕೊಟ್ಟಿದ್ದಾರೆ, ಅವತ್ತು ಏಳನೇ ಹಾಸಿಗೆ ನಿಮ್ಮ ಪಾಲಿಗಿತ್ತು, ಆದ್ದರಿಂದ ನೀವೇ ಕೂತು ಓದಿ ಹೇಳಿ ಎಂದು ಮೇಟ್ರನ್ ಬೆಳಿಗ್ಗೆ ಎಂಟಕ್ಕೆ ಹೇಳಿದರು. ಹೇಳಿದ್ದು ಬಹಳ ಮೆತ್ತಗೆ. ಅದರಲ್ಲಿ ಗದರಿಕೆ ಇರಲಿಲ್ಲ, ಅನುಮಾನವಂತೂ ಇರಲೇ ಇಲ್ಲ. ಆದರೂ ದೊಡ್ಡಕ್ಕನ ಕೈ ತಾನಾಗಿ ಮೇಲೆ ಹೋಗಿ ಎದೆಯ ಮೇಲಿನ ಹೆಸರಿನ ಪಟ್ಟಿಯನ್ನು ಮುಟ್ಟಿ ನೋಡಿಕೊಂಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಆ ಬಾಬತ್ತು. ಮೇಟ್ರನ್ ಗಮನಿಸಲಿಲ್ಲ. ದಾಖಲೆಯಲ್ಲಿ ಇದ್ದದ್ದನ್ನು ಓದಿದರೆ ಸಾಕು, ನಿಮ್ಮ ಕಡೆಯಿಂದ ಏನೂ ಸೇರಿಸಬೇಡಿ, ನಮ್ಮಲ್ಲಿ ಎಲ್ಲ ಸರಿಯಾಗಿಯೇ ಇದೆ ಎಂದು ಹೇಳಿ ಮುಂದಿನ ವಾರ್ಡಿಗೆ ಹೊರಟುಹೋದರು. ಎಲ್ಲ ಸರಿಯಾಗಿದೆ ಎಂಬುದು ದೊಡ್ಡಕ್ಕನಿಗೂ ಗೊತ್ತಿತ್ತು. ಹದಿನೇಳು ದಿನದಿಂದ ಅವಳ ಅನ್ನ ನಿದ್ದೆ ಕೆಡಿಸಿದ್ದು ಅದೇ.

ದೊಡ್ಡಕ್ಕ ಅಂದರೆ ಆ ವಾರ್ಡಿನ ಹಿರಿಯ ನರ್ಸು. ವಯಸ್ಸು ಐವತ್ತಮೂರು, ಸರ್ವೀಸು ಮೂವತ್ತು, ಮೊಣಕಾಲು ಎರಡೂ ಲೆಕ್ಕಕ್ಕಿಲ್ಲ. ಒಂದು ಕಾಲದಲ್ಲಿ ಅವಳ ಅಕ್ಷರ ಆಸ್ಪತ್ರೆಗೆಲ್ಲ ಹೆಸರುವಾಸಿ. ಮುತ್ತು ಪೋಣಿಸಿದ ಹಾಗೆ ಬರೆಯುತ್ತಾಳೆ ಎಂದು ದೊಡ್ಡ ಡಾಕ್ಟರು ಬೇರೆಯವರ ಹಾಳೆ ಪಕ್ಕಕ್ಕಿಟ್ಟು ಇವಳದನ್ನೇ ಮೊದಲು ಓದುತ್ತಿದ್ದರು. ಆಮೇಲೆ ಕಾಗದ ಹೋಯಿತು, ಕಂಪ್ಯೂಟರ್ ಬಂತು. ನಾಲ್ಕು ಗಾಲಿಯ ಮೇಜಿನ ಮೇಲೆ ಪರದೆ ಕೂರಿಸಿ, ಇನ್ನು ಮೇಲೆ ಇದನ್ನು ತಳ್ಳಿಕೊಂಡು ಹಾಸಿಗೆಯಿಂದ ಹಾಸಿಗೆಗೆ ಹೋಗಿ ಎಂದರು. ಹುಡುಗಿಯರು ಅದಕ್ಕೆ ಅತ್ತೆ ಎಂದು ಹೆಸರಿಟ್ಟರು. ಎಷ್ಟು ಮಾಡಿದರೂ ಇನ್ನೊಂದು ಕೇಳುತ್ತದೆ, ಒಂದು ನಿಮಿಷ ತಡವಾದರೆ ಮುಖ ಕೆಂಪು ಮಾಡಿಕೊಳ್ಳುತ್ತದೆ, ಮಾತಾಡಿಸದೆ ಬಿಟ್ಟರೆ ಕಣ್ಣು ಮುಚ್ಚಿಕೊಂಡು ಮೊದಲಿನಿಂದ ಶುರುಮಾಡು ಅನ್ನುತ್ತದೆ. ಹೆಸರು ಚೆನ್ನಾಗಿಯೇ ಒಪ್ಪಿತ್ತು, ದೊಡ್ಡಕ್ಕನೂ ನಕ್ಕಿದ್ದಳು. ತರಬೇತಿಯ ದಿನ ಮಗಳ ವಯಸ್ಸಿನ ಒಬ್ಬಳು ಎಲ್ಲರ ಎದುರಿಗೆ ಇವಳ ಮಣಿಕಟ್ಟು ಹಿಡಿದು, ಹೀಗಲ್ಲ ಆಂಟಿ, ಮೆತ್ತಗೆ ಒತ್ತಿ, ಅದೇನು ನಿಮ್ಮನ್ನು ಕಚ್ಚಲ್ಲ ಎಂದಾಗ ಮಾತ್ರ ನಗು ಬಂದಿರಲಿಲ್ಲ. ಇಪ್ಪತ್ತು ಜನ ಹಲ್ಲು ಕಿರಿದಿದ್ದರು. ಸಾವಿರ ಜನಕ್ಕೆ ನೋವಾಗದ ಹಾಗೆ ಸೂಜಿ ಚುಚ್ಚಿದ ಕೈ ಅದು, ಆ ಹಿಡಿತದಲ್ಲಿ ಬೆವರಿತ್ತು.

ಎಂಟೂವರೆಗೆ ಅವಳು ಅತ್ತೆಯನ್ನು ತಳ್ಳಿಕೊಂಡು ಒಂದನೇ ಹಾಸಿಗೆಗೆ ಹೋದಳು. ಎಡಗಡೆಯ ಗಾಲಿ ಕೀಚ್ ಕೀಚ್ ಎನ್ನುತ್ತಿತ್ತು. ರೋಗಿಯ ಕೈಪಟ್ಟಿಯ ಗೆರೆಗಳಿಗೆ ಬೆಳಕು ತೋರಿಸಿದರೆ ಪರದೆಯ ಮೇಲೆ ಅವನ ಹೆಸರು, ವಯಸ್ಸು, ಕೆಳಗೆ ಚೌಕಗಳು. ಜ್ವರ, ನಾಡಿ, ರಕ್ತದೊತ್ತಡ, ಉಸಿರು, ಕೊನೆಗೆ ನೋವು. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಹನ್ನೊಂದು ಚೌಕ. ಸೊನ್ನೆಯ ಮೇಲೆ ನಗುವ ಮುಖ, ಹತ್ತರ ಮೇಲೆ ಅಳುವ ಮುಖ. ನಾಲ್ಕಕ್ಕಿಂತ ಹೆಚ್ಚು ಒತ್ತಿದರೆ ಗ್ರಹಚಾರ. ಎಲ್ಲಿ, ಯಾವಾಗಿನಿಂದ, ಹೇಗಿದೆ ಎಂದು ಹೊಸ ಪುಟಗಳು ತೆರೆದುಕೊಳ್ಳುತ್ತವೆ, ಡಾಕ್ಟರಿಗೆ ತಿಳಿಸಿದಿರಾ ಎಂದು ಕೇಳುತ್ತದೆ, ಅರ್ಧ ಗಂಟೆಗೆ ಮತ್ತೆ ಬಂದು ತುಂಬು ಅನ್ನುತ್ತದೆ. ಅಷ್ಟರಲ್ಲಿ ಉಳಿದ ಹಾಸಿಗೆಗಳು ಒಂದೊಂದಾಗಿ ಕೆಂಪಾಗುತ್ತವೆ. ಆದ್ದರಿಂದ ವಾರ್ಡಿನಲ್ಲಿ ಎಲ್ಲರಿಗೂ ಒಂದು ಅಭ್ಯಾಸವಾಗಿತ್ತು. ರೋಗಿ ಸ್ವಲ್ಪ ಹಾಗೇ ಎಂದರೆ ಎರಡು, ಪರವಾಗಿಲ್ಲ ಎಂದರೆ ಸೊನ್ನೆ, ಏನು ಹೇಳಿದನೋ ಅರ್ಥವಾಗದಿದ್ದರೂ ಸೊನ್ನೆ. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ರೂಢಿ ಹೇಳಿಕೊಡದೆಯೇ ಬರುತ್ತದೆ.

ದೊಡ್ಡಕ್ಕನಿಗೆ ಹೇಳಿಕೊಟ್ಟವರು ಬೇರೆಯೇ ಒಂದು ಪಾಠ ಹೇಳಿಕೊಟ್ಟಿದ್ದರು. ಕಲಿಯುವಾಗ ಇದ್ದ ಸಿಸ್ಟರ್, ಗಿಡ್ಡ ಹೆಂಗಸು, ಬಾಯಿ ತೆರೆದರೆ ಬೆಂಕಿ. ರೋಗಿ ಹೇಳಿದ್ದನ್ನ ಅವನ ಮಾತಲ್ಲೇ ಬರಿ, ನಿನ್ನ ಬುದ್ಧಿವಂತಿಕೆ ಮನೇಲಿಟ್ಟು ಬಾ ಎನ್ನುತ್ತಿದ್ದರು. ಒಮ್ಮೆ ಒಬ್ಬ ಅಜ್ಜಿ ನನ್ನ ಕಾಲು ಎಲ್ಲೋ ದೂರ ಹೋಗಿದೆ ಕಣಮ್ಮ ಎಂದಳು. ಇವಳು ಹಾಗೆಯೇ ಬರೆದಳು: ಕಾಲು ದೂರ ಹೋಗಿದೆ ಎನ್ನುತ್ತಾರೆ. ಡಾಕ್ಟರು ಓದಿ ನಕ್ಕರು, ಮತ್ತೊಮ್ಮೆ ಓದಿದರು, ನಗು ನಿಲ್ಲಿಸಿ ಅಜ್ಜಿಯ ಪಾದ ಮುಟ್ಟಿ ನೋಡಿದರು, ಆಮೇಲೆ ಓಡಾಟವೋ ಓಡಾಟ. ಅಜ್ಜಿಯ ಕಾಲು ಉಳಿಯಿತು. ಆ ಹಾಳೆ ಈಗ ಎಲ್ಲಿದೆಯೋ. ನೋವು ಇದ್ಯಾ ಯಜಮಾನರೇ ಎಂದು ಈಗ ದೊಡ್ಡಕ್ಕ ಕೇಳಿದ್ದು ಒಂದನೇ ಹಾಸಿಗೆಯವನನ್ನು. ಆತ ಇಲ್ಲ ಎಂದು ತಲೆಯಾಡಿಸಿ ಹತ್ತು ಕ್ಷಣವಾಗಿದ್ದರೂ ಅವಳು ಅವನ ಬಾಯಿಯನ್ನೇ ನೋಡುತ್ತ ನಿಂತಿದ್ದಳು. ಇನ್ನೇನೋ ಹೇಳುತ್ತಾನೆ ಎಂದು. ಆತನಿಗೆ ಗಾಬರಿಯಾಗಿ, ಯಾಕೆ ಸಿಸ್ಟರ್, ರಿಪೋರ್ಟ್ ಏನಾದ್ರೂ ಬಂತಾ ಎಂದ.

ಡ್ರೈವರ್ ಬಂದಿದ್ದು ಎದೆಯಲ್ಲಿ ಕಫ ಕಟ್ಟಿ, ಜ್ವರ ಏರಿ. ನಾಲ್ಕು ದಿನದಲ್ಲಿ ಜ್ವರ ಇಳಿದಿತ್ತು, ನಾಳಿದ್ದು ಮನೆಗೆ ಎಂದು ಡಾಕ್ಟರು ಹೇಳಿದ್ದರು. ಮೂವತ್ತೈದು ವರ್ಷ ಬಸ್ಸು ಓಡಿಸಿದ ಮನುಷ್ಯ, ಹಾಸಿಗೆಯಲ್ಲಿಯೂ ಬೆನ್ನು ನೆಟ್ಟಗೆ ಮಾಡಿಕೊಂಡು, ಎರಡು ಕೈಯನ್ನೂ ಹೊದಿಕೆಯ ಮೇಲೆ ಅಗಲಿಸಿಟ್ಟು ಕೂರುತ್ತಿದ್ದ. ಹೆಂಡತಿ ನಾಲ್ಕು ದಿನದಿಂದ ಪಕ್ಕದ ಬೆಂಚು ಬಿಟ್ಟು ಎದ್ದಿರಲಿಲ್ಲ. ಐದನೇ ದಿನ ಬೆಳಿಗ್ಗೆ ಆತನೇ ಬಲವಂತ ಮಾಡಿದ್ದ, ಹೋಗು, ಸ್ನಾನ ಮಾಡಿ ನನಗೊಂದು ಜೊತೆ ಬಟ್ಟೆ ತಗೊಂಡು ಬಾ ಎಂದು. ದೊಡ್ಡಕ್ಕನೂ ದನಿಗೂಡಿಸಿದ್ದಳು. ಹೋಗಿ ಬನ್ನಿ ಅಮ್ಮ, ನಾವಿದ್ದೀವಲ್ಲ ಎಂದಿದ್ದಳು. ನಾವಿದ್ದೀವಲ್ಲ. ದಿನಕ್ಕೆ ಹತ್ತು ಸಲ ಹೇಳುವ ಮಾತು, ಅದಕ್ಕೆ ತೂಕವಿದೆ ಎಂದು ಯಾರಿಗೆ ಗೊತ್ತಿತ್ತು.

ಆ ವಾರವೇ ಅವಳ ಹೆಸರು ಕೆಂಪು ಪಟ್ಟಿಯಿಂದ ಇಳಿದದ್ದು. ತಡವಾಗಿ ತುಂಬಿದವರ ಪಟ್ಟಿಯನ್ನು ಪ್ರತಿ ವಾರ ನರ್ಸುಗಳ ಕೋಣೆಯ ಗೋಡೆಗೆ ಅಂಟಿಸುತ್ತಿದ್ದರು. ಎಂಟು ತಿಂಗಳಿನಿಂದ ಮೊದಲ ಹೆಸರು ಇವಳದೇ. ಎಲ್ಲರ ಮುಂದೆ ಪಾಠ ಒಪ್ಪಿಸಲಾಗದ ಮಗುವಿನ ಹಾಗೆ ಅದರ ಕೆಳಗೆ ಕೂತು ಊಟದ ಡಬ್ಬಿ ತೆರೆಯಬೇಕಿತ್ತು. ನೀವು ಪ್ರತಿಯೊಬ್ಬರ ಹತ್ರ ಕಥೆ ಕೇಳ್ತಾ ನಿಂತ್ಕೊತೀರ ದೊಡ್ಡಕ್ಕ, ಅದಕ್ಕೇ ಎಂದು ಹುಡುಗಿಯರು ಬುದ್ಧಿ ಹೇಳಿದ್ದರು. ಹೌದಲ್ಲ ಅನ್ನಿಸಿ ಅವಳು ಕಥೆ ಕೇಳುವುದನ್ನು ಬಿಟ್ಟಿದ್ದಳು. ಹತ್ತು ಗಂಟೆಯ ಸುತ್ತನ್ನು ಹತ್ತೂ ಹದಿನೈದರೊಳಗೆ ಮುಗಿಸಬೇಕು. ಏಳನೇ ಹಾಸಿಗೆ ಮುಟ್ಟಿದಾಗ ಹತ್ತೂ ಹತ್ತು, ಇನ್ನೂ ಮೂರು ಉಳಿದಿದ್ದವು. ಜ್ವರವಿಲ್ಲ, ರಕ್ತದೊತ್ತಡ ಚೆನ್ನಾಗಿದೆ, ನಾಡಿ ಹಿಂದಿನ ದಿನಕ್ಕಿಂತ ಸ್ವಲ್ಪ ಜೋರು, ಆದರೂ ಹಸಿರೊಳಗೇ ಇದೆ. ನೋವು ಎಷ್ಟು ಡ್ರೈವರ್ ಸಾಹೇಬ್ರೇ, ಸೊನ್ನೆಯಿಂದ ಹತ್ತರೊಳಗೆ ಎಂದು ಕೇಳಿದಳು, ಬೆರಳು ಆಗಲೇ ಗಾಜಿನ ಹತ್ತಿರ.

"ನೋವಿಲ್ಲ ಸಿಸ್ಟರ್," ಎಂದ ಆತ. ಆಮೇಲೆ, "ಆದ್ರೆ ಯಾಕೋ ಗಾಡಿ ಸದ್ದು ಬದಲಾಗಿದೆ."

"ಹಾಗಂದ್ರೆ?"

"ಗೊತ್ತಿಲ್ಲ. ಮೀಟರೆಲ್ಲ ಸರಿಯಾಗೇ ತೋರಿಸ್ತಿರುತ್ತೆ ನೋಡಿ, ಆದ್ರೂ ಕಿವಿಗೆ ಗೊತ್ತಾಗ್ತದೆ. ಹಾಗೆ."

ಅವಳಿಗೆ ಗೊತ್ತಾಗಿತ್ತು. ಆ ಒಂದು ಕ್ಷಣದ ಬಗ್ಗೆ ಅವಳು ತನಗೆ ತಾನೇ ಸುಳ್ಳು ಹೇಳಿಕೊಳ್ಳಲಾರಳು. ಮೂವತ್ತು ವರ್ಷದಲ್ಲಿ ಏನಿಲ್ಲವೆಂದರೂ ನಾಲ್ಕಾರು ಬಾರಿ ರೋಗಿಗಳು ಹೀಗೆ ಅರ್ಥವಿಲ್ಲದ ಒಂದು ಮಾತು ಹೇಳಿದ್ದರು, ಪ್ರತಿ ಸಲ ಅವಳ ಬೆನ್ನಿನಲ್ಲಿ ಸಣ್ಣಗೆ ತಣ್ಣಗಾಗಿತ್ತು, ಪ್ರತಿ ಸಲ ಅವಳು ಡಾಕ್ಟರನ್ನು ಕರೆದಿದ್ದಳು. ಈ ಸಲವೂ ತಣ್ಣಗಾಯಿತು. ಇತರೆ ಎಂಬ ಚೌಕವೊಂದು ಇತ್ತು, ಮೂರು ಪುಟದ ಹಿಂದೆ. ಮೇಲೆ ಗಡಿಯಾರ ಹತ್ತೂ ಹನ್ನೆರಡು ತೋರಿಸಿತು. ಬೆರಳು ಇಳಿಯಿತು, ಸೊನ್ನೆ ಹಸಿರಾಯಿತು, ಮುಖ ನಕ್ಕಿತು. ನಾಳಿದ್ದು ಮನೆಗೆ ಹೋಗ್ತೀರಲ್ಲ, ಗಾಡಿಗೆ ಖುಷಿಯಾಗಿರಬೇಕು ಎಂದು ಅವಳು ತಮಾಷೆ ಮಾಡಿದಳು. ಆತ ನಕ್ಕ. ಮರ್ಯಾದಸ್ಥ, ಹೆಂಗಸರು ತಮಾಷೆ ಮಾಡಿದರೆ ನಗಬೇಕೆಂದು ಗೊತ್ತಿದ್ದವನು. ಎಂಟನೇ ಹಾಸಿಗೆಗೆ ಅತ್ತೆಯನ್ನು ತಿರುಗಿಸುವಾಗ ಆತ ತಲೆ ಸ್ವಲ್ಪ ಓರೆ ಮಾಡಿಕೊಂಡು, ಎಲ್ಲಿಯೋ ಏನನ್ನೋ ಆಲಿಸುವ ಹಾಗೆ ಕೂತಿದ್ದ. ಹನ್ನೊಂದೂ ನಲವತ್ತಕ್ಕೆ ಅದೇ ಹಾಸಿಗೆಯ ಸುತ್ತ ಪರದೆ ಎಳೆದಿದ್ದರು. ಕಾಲಿನಲ್ಲಿ ಕಟ್ಟಿದ ರಕ್ತದ ಗಂಟು ಎದೆಗೆ ಹೋಗಿತ್ತು. ಯಾರಿದ್ದರೂ ಏನೂ ಮಾಡುವ ಹಾಗಿರಲಿಲ್ಲ ಎಂದರು ಡಾಕ್ಟರು. ಹನ್ನೆರಡಕ್ಕೆ ಹೆಂಡತಿ ಒಗೆದು ಮಡಿಸಿದ ಬಟ್ಟೆಯ ಚೀಲ ಹಿಡಿದು ಬಂದಳು. ಆ ಶನಿವಾರ ಸಭೆಯಲ್ಲಿ ಮೇಟ್ರನ್ ದೊಡ್ಡಕ್ಕನನ್ನು ಎಬ್ಬಿಸಿ ನಿಲ್ಲಿಸಿ, ನೂರಕ್ಕೆ ನೂರು, ಒಂದೂ ತಡವಿಲ್ಲ, ಇವರ ವಯಸ್ಸಿನಲ್ಲಿ ಇವರು ಕಲಿಯಬಹುದಾದರೆ ನಿಮಗೇನು ಧಾಡಿ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಸೆರಗು ಸರಿಮಾಡಿಕೊಂಡು ನಿಂತಿದ್ದಳು.

ಹತ್ತೂವರೆ. ಏಳನೇ ಹಾಸಿಗೆಯಲ್ಲಿ ಇವತ್ತು ಬೇರೆ ಯಾರೋ, ಕಾಲಿಗೆ ಪಟ್ಟಿ ಹಾಕಿಸಿಕೊಂಡ ಗುಮಾಸ್ತ. ಡ್ರೈವರ್‌ನ ಹೆಂಡತಿಗೆ ಹೇಳಿಬಿಡಬೇಕು ಎಂದು ಅವಳು ಅಂದುಕೊಂಡಳು. ಆತ ಹೀಗೆ ಹೇಳಿದ್ದರು, ನಾನು ಬರೆಯಲಿಲ್ಲ, ಯಾರನ್ನೂ ಕರೆಯಲಿಲ್ಲ. ಮೂರು ವಾಕ್ಯ. ಮೂರನೇ ದಿನವೇ ಅದನ್ನು ಅತ್ತೆಯ ಹೊಟ್ಟೆಗೆ ಹಾಕಲು ನೋಡಿದ್ದಳು. ಒಂದು ದಿನ ಕಳೆದ ಮೇಲೆ ಬರೆದದ್ದನ್ನು ತಿದ್ದಲು ಬರುವುದಿಲ್ಲ, ಕೆಳಗೆ ಸೇರಿಸಬಹುದು ಅಷ್ಟೇ. ಸೇರಿಸಲು ಹೋದರೆ ತಡವಾಗಲು ಕಾರಣ ಆರಿಸಿ ಎಂದು ಕೇಳಿತು: ಮರೆತಿದ್ದೆ, ಯಂತ್ರ ಕೆಟ್ಟಿತ್ತು, ಬೇರೆ ರೋಗಿಗೆ ತುರ್ತಾಗಿತ್ತು. ಮೂರರಲ್ಲಿ ಯಾವುದೂ ಅವಳದಲ್ಲ. ನಾಲ್ಕನೆಯದನ್ನು ಹುಡುಕುತ್ತ ಕೂತಿರುವಾಗ ಪರದೆ ಕಣ್ಣು ಮುಚ್ಚಿಕೊಂಡಿತು. ಮನೆಯಲ್ಲಿ ಗಂಡ ಇವತ್ತು ಬೆಳಿಗ್ಗೆ, ಅವಳು ತಲೆ ಬಾಚಿಕೊಳ್ಳುತ್ತ ಬಾಚಣಿಗೆ ಕೂದಲಲ್ಲೇ ಬಿಟ್ಟು ಕೂತದ್ದನ್ನು ನೋಡಿ, ಏನಾಗಿದೆ ನಿನಗೆ, ಎರಡು ವಾರದಿಂದ ನೋಡ್ತಿದೀನಿ ಎಂದು ಕೇಳಿದ್ದ. ಏನಿಲ್ಲ ಎಂದಿದ್ದಳು. ಏನಿಲ್ಲ ಅಂದರೆ ಏನಿಲ್ಲ ಎಂದು ಬರೆದುಕೊಳ್ಳುವ ಮನುಷ್ಯ ಅವನು, ಪೇಪರ್ ತಿರುವಿದ. ಅವನನ್ನು ಬೈಯುವ ಹಕ್ಕೂ ತನಗಿಲ್ಲ ಅನ್ನಿಸಿತ್ತು.

ಹನ್ನೆರಡಕ್ಕೆ ಸರಿಯಾಗಿ ಡ್ರೈವರ್‌ನ ಹೆಂಡತಿ ಬಂದರು. ಔಷಧಿ ದಾಸ್ತಾನಿನ ಪಕ್ಕದ ಸಣ್ಣ ಕೋಣೆ, ಒಂದು ಮೇಜು, ಎರಡು ಕುರ್ಚಿ, ಕಿಟಕಿಯಾಚೆ ಸೈಕಲ್ ನಿಲ್ಲಿಸುವ ಜಾಗ. ಕೈಯಲ್ಲಿ ಅವತ್ತಿನದೇ ಚೀಲ, ಈಗ ಅದರಲ್ಲಿ ಬಟ್ಟೆ ಇರಲಿಲ್ಲ. ನೀವೇ ಬಂದಿದ್ದು ಒಳ್ಳೇದಾಯ್ತು ಸಿಸ್ಟರ್ ಎಂದು ಕುರ್ಚಿಯ ಅಂಚಿಗೆ ಕೂತರು. ದಾಖಲೆ ಮೂವತ್ತನಾಲ್ಕು ಹಾಳೆ. ದೊಡ್ಡಕ್ಕ ಮೊದಲಿನಿಂದ ಓದಿದಳು: ಇಂಥ ದಿನ ಇಷ್ಟು ಜ್ವರ, ಇಂಥ ಹೊತ್ತಿಗೆ ಇಂಥ ಔಷಧ. ಆಕೆ ಪ್ರತಿಯೊಂದಕ್ಕೂ ಹ್ಞೂಂ ಎನ್ನುತ್ತಿದ್ದರು, ಆದರೆ ಕಾಯುತ್ತಿದ್ದದ್ದು ಬೇರೆ ಯಾವುದಕ್ಕೋ. ಐದನೇ ದಿನದ ಹಾಳೆ ಬಂದಾಗ ಅದನ್ನು ಅಂಗೈಯಿಂದ ಒತ್ತಿ ಹಿಡಿದು, ಇಲ್ಲಿ ನಿಲ್ಲಿಸಿ ಎಂದರು. ಆಮೇಲೆ ಮಾತು ಹೊರಬಿತ್ತು. ನಾದಿನಿ ಬಂದಿದ್ದಾಳಂತೆ, ಹೋಗುವ ಲಕ್ಷಣವಿಲ್ಲವಂತೆ. ದಿನಕ್ಕೊಂದು ಸಲ ಯಾರಾದರೂ ಒಬ್ಬರ ಎದುರಿಗೆ ಅಂದೇ ಅನ್ನುತ್ತಾಳಂತೆ: ನನ್ನಣ್ಣ ಒದ್ದಾಡಿ ಹೋದ, ಇವಳಿಗೆ ಸ್ನಾನದ ಅವಸರ. ಆಕೆ ಇದನ್ನು ಅಳದೆ ಹೇಳಿದರು. ಅತ್ತು ಮುಗಿಸಿ ಬಂದವರ ದನಿ ಅದು.

"ಅವ್ರು ಒದ್ದಾಡಿದ್ರಾ ಸಿಸ್ಟರ್? ನಾನು ಹೋದ ಮೇಲೆ? ಅದೊಂದು ಗೊತ್ತಾದ್ರೆ ಸಾಕು ನನಗೆ."

ಹಾಳೆಯ ಮೇಲೆ ಅದು ಇತ್ತು. ಹತ್ತೂ ಹನ್ನೆರಡು ನಿಮಿಷ, ನೋವು ಸೊನ್ನೆ, ಮುಂದೆ ದೊಡ್ಡಕ್ಕನ ಹೆಸರು. ಆಕೆಯ ಬೆರಳು ಸಾಲುಸಾಲಾಗಿ ಇಳಿದು ಅಲ್ಲಿಗೆ ಬಂದು ನಿಂತಿತು. ಸೊನ್ನೆ ಅಂದ್ರೆ ಏನೇನೂ ಇಲ್ಲ ಅಂತ ತಾನೇ ಎಂದು ಕೇಳಿದರು. ಹೌದು ಎಂದು ತಲೆ ತಾನಾಗಿ ಆಡಿತು. ಆಕೆಯ ಮುಖದಲ್ಲಿ ಏನೋ ಸಡಿಲವಾಯಿತು. ಹೇಳಬೇಕೆಂದಿದ್ದ ಮೂರು ವಾಕ್ಯವನ್ನು ದೊಡ್ಡಕ್ಕ ತಡೆದಿಟ್ಟುಕೊಂಡಳು. ಈಗ ಸುಮ್ಮನಿದ್ದರೆ ಈಕೆ ಮಲಗಿ ನಿದ್ದೆ ಮಾಡುತ್ತಾಳೆ. ಈಗ ಸುಮ್ಮನಿದ್ದರೆ ತಾನೂ ಬಚಾವು. ಒಂದೇ ಮೌನ ಇಬ್ಬರಿಗೂ ಒಳ್ಳೆಯದು ಮಾಡುತ್ತದೆ ಎಂಬುದೇ ಅವಳಿಗೆ ಹೇಸಿಗೆ ತಂದಿತು. ಒಳ್ಳೆಯದನ್ನು ಈಕೆಗಾಗಿ ಮಾಡುತ್ತಿದ್ದೇನೆಂದು ನಾಳೆ ತನಗೆ ತಾನೇ ಹೇಳಿಕೊಳ್ಳಬಹುದು, ಅದನ್ನು ನಂಬಿಯೂ ಬಿಡಬಹುದು.

"ಅಮ್ಮ, ಅವರು ಒಂದು ಮಾತು ಹೇಳಿದ್ರು," ಎಂದಳು. ದನಿ ತನ್ನದಲ್ಲದ ಹಾಗೆ ಕೇಳಿತು. "ನಾನು ಅದನ್ನ ಇಲ್ಲಿ ಹಾಕ್ಲಿಲ್ಲ. ನೋವಿಲ್ಲ, ಆದ್ರೆ ಗಾಡಿ ಸದ್ದು ಬದಲಾಗಿದೆ ಅಂದ್ರು. ಆವಾಗ್ಲೇ ನಾನು ಡಾಕ್ಟರನ್ನ ಕರೀಬೇಕಿತ್ತು. ಕರೀಲಿಲ್ಲ. ಸೊನ್ನೆ ಒತ್ತಿ ಮುಂದೆ ಹೋದೆ."

ಹೊರಗೆ ಯಾರೋ ಸೈಕಲ್ಲಿನ ಸ್ಟ್ಯಾಂಡು ತಳ್ಳಿದರು. ಈಗ ಬೈಯುತ್ತಾರೆ ಎಂದು ದೊಡ್ಡಕ್ಕ ಕಾದಳು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದೆಯಲಿ, ಮೇಟ್ರನ್ ಬಳಿಗೆ ಹೋಗಲಿ, ಕೂಗಾಡಲಿ, ಹದಿನೇಳು ದಿನದಿಂದ ಅವಳ ಎದೆ ಅದಕ್ಕಾಗಿಯೇ ಕಾಯುತ್ತಿತ್ತು. ಆಕೆ ಕೂಗಲಿಲ್ಲ. ಹಾಳೆಯನ್ನು ನೋಡಿದರು, ದೊಡ್ಡಕ್ಕನನ್ನು ನೋಡಿದರು, ದಾರಿ ತಪ್ಪಿದವರಿಗೆ ದಾರಿ ಹೇಳುವವರ ಹಾಗೆ ಬಹಳ ಮೃದುವಾಗಿ ತಲೆಯಾಡಿಸಿದರು.

"ಇಲ್ಲ ಸಿಸ್ಟರ್. ಅದು ಬೇರೆ ಯಾರೋ ಇರ್ಬೇಕು. ನಮ್ಮನೆಯವರು ಬಸ್ಸಿಂದ ಇಳಿದ ಮೇಲೆ ಗಾಡಿ ಮಾತು ಆಡಿದವರೇ ಅಲ್ಲ. ಮೂವತ್ತೆಂಟು ವರ್ಷ ಸಂಸಾರ ಮಾಡಿದೀನಿ, ನನಗೆ ಗೊತ್ತಿಲ್ವಾ? ದಿನಾ ನೂರು ಜನರನ್ನ ನೋಡ್ತೀರಿ, ಪಾಪ, ಕಲಸಿಹೋಗಿದೆ ನಿಮಗೆ. ಇಲ್ಲಿ ಸೊನ್ನೆ ಅಂತ ನೀವೇ ಬರೆದಿದ್ದೀರಲ್ಲ."

ಅಲ್ಲ, ಅವರೇ ಎಂದು ಹೇಳಲು ದೊಡ್ಡಕ್ಕ ಬಾಯಿ ತೆರೆದಳು. ಆಗ ಒಂದು ಭಯಂಕರ ಸಂಗತಿ ನಡೆಯಿತು. ಅವಳಿಗೆ ಅನುಮಾನ ಬಂತು. ಓರೆ ಮಾಡಿದ ತಲೆ, ಹೊದಿಕೆಯ ಮೇಲೆ ಅಗಲಿಸಿಟ್ಟ ಕೈಗಳು ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದ್ದವು, ಆದರೆ ಆ ಮಾತು, ಆ ದನಿ? ಒಂಬತ್ತನೇ ಹಾಸಿಗೆಯಲ್ಲಿ ಆ ವಾರ ಒಬ್ಬ ಲಾರಿಯವನೂ ಇದ್ದನಲ್ಲ. ತಾನು ನಕ್ಕದ್ದು, ಆತ ನಕ್ಕದ್ದು, ಬೆನ್ನು ತಣ್ಣಗಾದದ್ದು, ಇದಕ್ಕೆಲ್ಲ ಸಾಕ್ಷಿ ಯಾರು? ಮೇಜಿನ ಮೇಲೆ ಮೂವತ್ತನಾಲ್ಕು ಹಾಳೆಗಳಿದ್ದವು, ಒಂದರಲ್ಲೂ ಅದು ಇರಲಿಲ್ಲ. ಬರೆದಿದ್ದರೆ ಅದು ಇರುತ್ತಿತ್ತು. ತನ್ನ ತಪ್ಪು ಕೂಡ ತನ್ನ ಕೈ ಬಿಟ್ಟು ಹೋಗುತ್ತಿದೆ ಅನ್ನಿಸಿ ಅವಳು ಮೇಜಿನ ಅಂಚನ್ನು ಹಿಡಿದುಕೊಂಡಳು. ಅವರೇ, ಅಮ್ಮ, ನಿಮ್ಮ ಯಜಮಾನರೇ ಎಂದು ಹೇಳಿದಳೋ, ಹೇಳಬೇಕೆಂದು ತುಟಿ ಆಡಿಸಿದಳೋ. ಆಕೆ ಅದನ್ನು ಕೇಳಿಸಿಕೊಳ್ಳಲಿಲ್ಲ, ಅಥವಾ ಕೇಳಿಸಿಕೊಳ್ಳಬಾರದೆಂದು ನಿಶ್ಚಯ ಮಾಡಿಯಾಗಿತ್ತು. ಅವರ ಬೆರಳು ಸೊನ್ನೆಯನ್ನು ಬಿಟ್ಟಿರಲಿಲ್ಲ, ಉಗುರಿನ ತುದಿ ಬೆಳ್ಳಗಾಗಿತ್ತು.

ಒಂದು ಉಪಕಾರ ಮಾಡಬೇಕು ಎಂದರು ಆಕೆ. ಇದು ಯಂತ್ರ ಬರೆದದ್ದು, ನಾದಿನಿ ನಂಬುವುದಿಲ್ಲ, ಆಸ್ಪತ್ರೆಯವರು ಏನು ಬೇಕಾದರೂ ಅಚ್ಚು ಹಾಕುತ್ತಾರೆ ಎನ್ನುತ್ತಾಳೆ. ಇದರ ಪಕ್ಕದಲ್ಲಿ ನಿಮ್ಮ ಕೈಯಲ್ಲಿ ಒಂದು ಸಾಲು ಬರೆದು ರುಜು ಹಾಕಿಕೊಡಿ, ಹತ್ತಿರ ಇದ್ದವರು ಕೈಯಾರೆ ಬರೆದಿದ್ದಾರೆ ಅಂದರೆ ಬಾಯಿ ಮುಚ್ಚುತ್ತಾಳೆ. ಚೀಲದೊಳಗಿನಿಂದ ಒಂದು ಪೆನ್ನು ತೆಗೆದು ಮುಚ್ಚಳ ಬಿಚ್ಚಿಯೇ ಕೊಟ್ಟರು. ಮನೆಯಿಂದಲೇ ತಂದಿದ್ದರು.

ಮೂರು ವರ್ಷವಾಗಿತ್ತು ದೊಡ್ಡಕ್ಕ ರೋಗಿಯ ಹಾಳೆಯ ಮೇಲೆ ಪೆನ್ನು ಊರಿ. ಕೈ ಮರೆತಿರಲಿಲ್ಲ. ಅಚ್ಚಿನ ಸೊನ್ನೆಯ ಪಕ್ಕದ ಖಾಲಿ ಜಾಗದಲ್ಲಿ ಅಕ್ಷರಗಳು ಒಂದರ ಹಿಂದೆ ಒಂದು ದುಂಡಗೆ ಬಂದು ಕೂತವು. ನೋವಿಲ್ಲ ಎಂದರು. ಸುಳ್ಳಲ್ಲ. ಆತನ ಮಾತಿನಲ್ಲೇ ಬರೆದದ್ದು, ತನ್ನ ಬುದ್ಧಿವಂತಿಕೆ ಏನೂ ಇಲ್ಲ. ಪೆನ್ನನ್ನು ಅವಳು ಎತ್ತಲಿಲ್ಲ. ಸಾಲಿನಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಜಾಗವಿತ್ತು, ಉಳಿದದ್ದು ಅಷ್ಟರಲ್ಲಿ ಧಾರಾಳವಾಗಿ ಹಿಡಿಸುತ್ತಿತ್ತು.

"ಸಾಕು ಸಿಸ್ಟರ್," ಎಂದರು ಆಕೆ. "ಇಷ್ಟೇ ಸಾಕು ನನಗೆ. ರುಜು ಹಾಕಿ."

ಅವಳು ತಲೆಯೆತ್ತಿ ನೋಡಿದಳು. ಆಕೆ ಅವಳನ್ನೇ ನೋಡುತ್ತಿದ್ದರು, ರೆಪ್ಪೆ ಮಿಟುಕಿಸದೆ. ಆ ಕಣ್ಣಿನಲ್ಲಿ ಗಂಡ ಬಸ್ಸಿಂದ ಇಳಿದ ಮೇಲೂ ಆಡುತ್ತಿದ್ದ ಗಾಡಿಯ ಮಾತೆಲ್ಲ ಇದ್ದ ಹಾಗೆ ದೊಡ್ಡಕ್ಕನಿಗೆ ಕಂಡಿತು. ದೊಡ್ಡಕ್ಕ ರುಜು ಹಾಕಿದಳು.

ಎಂಥ ಚಂದದ ಅಕ್ಷರ ನಿಮ್ಮದು ಎನ್ನುತ್ತ ಆಕೆ ಅದೊಂದು ಹಾಳೆಯನ್ನು ನಾಲ್ಕಾಗಿ ಮಡಿಸಿ ಚೀಲದಲ್ಲಿಟ್ಟುಕೊಂಡರು. ಉಳಿದದ್ದು ನನಗ್ಯಾಕೆ, ನೀವೇ ಇಟ್ಕೊಳ್ಳಿ ಎಂದು ಎದ್ದರು. ಬಾಗಿಲ ಹತ್ತಿರ ನಿಂತು ಅವಳ ಮೊಣಕೈಯನ್ನು ಒಮ್ಮೆ ಹಿಡಿದು ಬಿಟ್ಟರು. ಕಾರಿಡಾರಿನಲ್ಲಿ ಅವರ ಚಪ್ಪಲಿಯ ಸದ್ದು ದೂರವಾಯಿತು. ಹುಡುಗಿಯೊಬ್ಬಳು ಇಣುಕಿ, ದೊಡ್ಡಕ್ಕ, ಹನ್ನೆರಡರ ಸುತ್ತು ಎಲ್ಲ ಕೆಂಪಾಗಿದೆ, ಬೇಗ ಬನ್ನಿ ಎಂದಳು. ಅವಳು ಮೇಜಿನ ಮೇಲಿನ ಮೂವತ್ತಮೂರು ಹಾಳೆಗಳನ್ನು ಅಂಚು ಸರಿಯಾಗಿ ಜೋಡಿಸಿದಳು, ಕೊನೆಗೆ ನೋಡಿದರೆ ಆಕೆಯ ಪೆನ್ನು ಅವಳ ಕೈಯಲ್ಲೇ ಉಳಿದುಬಿಟ್ಟಿತ್ತು.